ನಾಟಕದ ಹ್ಯಾಂಡ್‌ಬಿಲ್ಲಿಗೆ ಮೆಟಾಡೇಟಾ: ಪದಪಟ್ಟಿ ಆರಿಸುವುದು ಹೇಗೆ

ಗದಗದ ಒಂದು ಹಳೆಯ ಮುದ್ರಣಾಲಯದ ಅಟ್ಟದಲ್ಲಿ ಆರು ತಗಡಿನ ಟ್ರಂಕುಗಳಿವೆ. ಅವುಗಳ ತುಂಬ ಕಂಪನಿ ನಾಟಕದ ಹ್ಯಾಂಡ್‌ಬಿಲ್ಲುಗಳು. ಗುಲಾಬಿ, ಹಳದಿ, ತಿಳಿ ಹಸಿರು ಬಣ್ಣದ ತೆಳು ಕಾಗದ. ಪ್ರತಿ ಕೆಲಸ ಮುಗಿದ ಮೇಲೂ ಒಂದು ಪ್ರತಿಯನ್ನು ಆಫೀಸ್ ಕಾಪಿ ಅಂತ ತೆಗೆದಿಡುವುದು ಆ ಮನೆಯವರ ಪದ್ಧತಿ. ಗದಗವನ್ನು ಮುದ್ರಣ ಕಾಶಿ ಎಂದು ಕರೆಯುತ್ತಾರೆ; ಆ ಹೆಸರಿಗೆ ಇಂಥ ಟ್ರಂಕುಗಳೇ ಸಾಕ್ಷಿ. ಕಾಲೇಜು ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ವಾರಕ್ಕೆ ಎರಡು ದಿನ ಧಾರವಾಡದಿಂದ ಬಸ್ಸಿಗೆ ಹೋಗಿ, ಒಂದೊಂದೇ ಹಾಳೆ ತೆಗೆದು, ಸ್ಕ್ಯಾನ್ ಮಾಡಿಸಿ, ವಿವರ ಬರೆಯುತ್ತೇನೆ.

ಈ ಕೆಲಸಕ್ಕೆ ಕೈ ಹಾಕುವ ಮೊದಲೇ ನಾನು ಒಂದು ದೊಡ್ಡ ತಪ್ಪು ಮಾಡಿದ್ದೆ. ಬೇರೊಂದು ಸಂಗ್ರಹಕ್ಕೆ ಎಕ್ಸೆಲ್ ಹಾಳೆ ತೆಗೆದು ಸುಮ್ನೆ ‘ಹೆಸರು’, ‘ದಿನಾಂಕ’, ‘ಸ್ಥಳ’, ‘ವಿಷಯ’ ಎಂದು ತಲೆಬರಹ ಕೊಟ್ಟು ತುಂಬಲು ಶುರು ಮಾಡಿದ್ದೆ. ನಾನು ‘ದಿನಾಂಕ’ದಲ್ಲಿ ಪ್ರಯೋಗದ ದಿನ ಬರೆದೆ. ಸಹಾಯಕ್ಕೆ ಬಂದ ಹುಡುಗ ಮುದ್ರಣದ ದಿನ ಬರೆದ. ಇನ್ನೊಬ್ಬರು ಸ್ಕ್ಯಾನ್ ಮಾಡಿದ ದಿನ ಹಾಕಿದರು. ಸಾವಿರಕ್ಕೂ ಜಾಸ್ತಿ ಸಾಲು ತುಂಬಿದ ಮೇಲೆ ಗೊತ್ತಾಯಿತು. ಯಾವ ದಿನಾಂಕ ಯಾವುದರದ್ದು ಎಂದು ಬೇರೆ ಮಾಡಲು ಆಗಲೇ ಇಲ್ಲ. ಮತ್ತೆ ಮೊದಲಿನಿಂದ ಪ್ರತಿ ಹಾಳೆ ತೆಗೆದು ನೋಡಬೇಕಾಯಿತು.

ಗದಗದ ಆ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸುತ್ತಿದ್ದ ಹಿರಿಯ ಕಂಪೋಜಿಟರ್ ಒಬ್ಬರು ಈಗಲೂ ದಿನಾ ಬಂದು ಕೂರುತ್ತಾರೆ. ಅವರ ಮುಂದೆ ಈ ಕಥೆ ಹೇಳಿದೆ. ಅವರು ಎದ್ದು ಹೋಗಿ, ಮೂಲೆಯಲ್ಲಿದ್ದ ಮರದ ಕೇಸನ್ನು ಎಳೆದು ತೋರಿಸಿದರು. ಸಣ್ಣ ಸಣ್ಣ ಮನೆಗಳು. ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರ. “ಮೊಳಿ ವಾಪಸ್ ಕೇಸಿಗೆ ಹಾಕೂಮುಂದ ‘ಬ’ದ ಮನ್ಯಾಗ ‘ಭ’ ಬಿತ್ತಂದ್ರ ಅವತ್ತ ಯಾರಿಗೂ ಗೊತ್ತಾಗೂದಿಲ್ಲರಿ ಅಕ್ಕಾರ. ಮರುದಿನ ಕಂಪೋಜ್ ಮಾಡಾವ್ನ ಸಾಲು ಕೆಡತೈತಿ” ಎಂದರು. ನನಗೆ ಆಗಿದ್ದೂ ಅದೇ. ಹಾಕಿದವರಿಗೆ ತಪ್ಪು ಕಾಣುವುದಿಲ್ಲ, ಹುಡುಕುವವರಿಗೆ ಕಾಣುತ್ತದೆ.

ಮೆಟಾಡೇಟಾ ಅಂದರೆ ಒಂದು ವಸ್ತುವಿನ ಬಗ್ಗೆ ಬರೆದಿಡುವ ವಿವರ. ಯಾವ ವಿವರವನ್ನು ಯಾವ ಹೆಸರಿನ ಕೆಳಗೆ ಹೇಗೆ ಬರೆಯಬೇಕು ಎಂಬ ಒಪ್ಪಂದವೇ ಸ್ಕೀಮಾ. ಆ ಹೆಸರುಗಳು ಬರುವುದು ವೊಕ್ಯಾಬ್ಯುಲರಿಯಿಂದ. ನಾನು ಅದನ್ನು ಪದಪಟ್ಟಿ ಎನ್ನುತ್ತೇನೆ. ಇದರಲ್ಲಿ ಮೂರು ಬಗೆ ಇದೆ, ಮೂರನ್ನೂ ಕಲಸಬಾರದು. ಅಂಕಣಗಳ ಹೆಸರಿಗೆ ಒಂದು ಪಟ್ಟಿ. ಅಂಕಣದೊಳಗೆ ತುಂಬುವ ಮಾತಿಗೆ ಇನ್ನೊಂದು. ಸ್ಕೀಮಾ ಹೇಗಿದೆ ಎಂದು ಬೇರೆಯವರಿಗೆ ತಿಳಿಸುವುದಕ್ಕೆ ಮಗದೊಂದು.

ಮೊದಲು ಹಾಳೆ, ಆಮೇಲೆ ಪಟ್ಟಿ

ಇಂಟರ್ನೆಟ್ ತೆಗೆದು ಯಾವ ಸ್ಟ್ಯಾಂಡರ್ಡ್ ಒಳ್ಳೆಯದು ಎಂದು ಹುಡುಕುವುದರಿಂದ ಶುರು ಮಾಡಬೇಡಿ. ನಿಮ್ಮ ಸಂಗ್ರಹದಿಂದ ಇಪ್ಪತ್ತೈದು ವಸ್ತು ತೆಗೆದು ಮೇಜಿನ ಮೇಲೆ ಇಡಿ. ಚೆನ್ನಾಗಿರುವುದನ್ನೇ ಆರಿಸಬೇಡಿ. ಹರಿದಿದ್ದು, ತಾರೀಖು ಇಲ್ಲದ್ದು, ಎರಡು ಭಾಷೆಯಲ್ಲಿ ಇರುವಂಥದ್ದು, ಎಲ್ಲಾ ಇರಲಿ. ತೊಂದರೆ ಕೊಡುವ ಹಾಳೆಗಳೇ ನಿಮಗೆ ಯಾವ ಅಂಕಣ ಬೇಕು ಎಂದು ಹೇಳುತ್ತವೆ.

ಆಮೇಲೆ ಹುಡುಕಿಕೊಂಡು ಬರುವವರನ್ನು ಕೇಳಿ. ನಾನು ಒಂದು ನೋಟ್‌ಬುಕ್ ಇಟ್ಟುಕೊಂಡು ಅವರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ಒಬ್ಬರು ರಂಗಭೂಮಿಯ ಮೇಲೆ ಪಿಎಚ್‌ಡಿ ಮಾಡುವವರು: “ಹಾವೇರಿ ಹುಕ್ಕೇರಿಮಠದ ಜಾತ್ರೆಗೆ ಯಾವ ಯಾವ ಕಂಪನಿ ಕ್ಯಾಂಪ್ ಮಾಡಿದ್ದವು?” ಇನ್ನೊಬ್ಬ ಹುಡುಗ ಹುಬ್ಬಳ್ಳಿಯಿಂದ ಬಂದಿದ್ದ: “ನಮ್ಮ ಅಜ್ಜ ಹಾರ್ಮೋನಿಯಂ ಬಾರಸ್ತಿದ್ರು. ಅವರ ಹೆಸರು ಎಲ್ಲರೆ ಐತೇನ್ರೀ?” ಮುದ್ರಣಾಲಯದ ಯಜಮಾನರು ಕೇಳಿದ್ದು ಬೇರೆ: “ನಮ್ಮ ತಂದಿಯವರು ತರಸಿದ ದಪ್ಪ ಮೊಳಿ ಮೊದಲು ಯಾವ ಕೆಲಸಕ್ಕ ಬಳಸಿದ್ರು?” ಈ ಮೂರು ಪ್ರಶ್ನೆಗೆ ಉತ್ತರ ಕೊಡದ ಸ್ಕೀಮಾ ಎಷ್ಟೇ ದೊಡ್ಡ ಸ್ಟ್ಯಾಂಡರ್ಡ್‌ನಿಂದ ಬಂದಿದ್ದರೂ ನಮಗೆ ಉಪಯೋಗಕ್ಕೆ ಬರುವುದಿಲ್ಲ. ಓದುಗರ ಸಮಯ ಉಳಿಸಿ ಎಂಬುದು ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು. ಅದನ್ನು ಪರೀಕ್ಷೆಗೆ ಓದಿ ಬರೆದಿದ್ದೆ. ಅರ್ಥವಾಗಿದ್ದು ಈ ನೋಟ್‌ಬುಕ್ ಇಟ್ಟ ಮೇಲೆ.

ಒಂದು ಗುಲಾಬಿ ಹಾಳೆ

ಒಂದು ಹಾಳೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಅಂಗೈ ಎರಡರಷ್ಟು ಅಗಲ. ಮೇಲೆ ‘ಶ್ರೀ ಗಣೇಶ ಪ್ರಸನ್ನ’. ಅದರ ಕೆಳಗೆ ಕಂಪನಿಯ ಹೆಸರು, ‘ನಾಟಕ ಮಂಡಲಿ’ ಎಂದು ಮುಗಿಯುತ್ತದೆ. ‘ಮುಕ್ಕಾಂ: ಹಾವೇರಿ, ಜಿ. ಧಾರವಾಡ’. ‘ಶುಕ್ರವಾರ ರಾತ್ರಿ 9-30ಕ್ಕೆ ಸರಿಯಾಗಿ’. ನಡುವೆ ನಾಟಕದ ಹೆಸರು ದಪ್ಪ ಮೊಳೆಯಲ್ಲಿ. ಆಮೇಲೆ ನಾಟಕ ಬರೆದವರ ಹೆಸರು, ಪಾತ್ರವರ್ಗ, ‘ಹೆಂಗಸರಿಗೆ ಪ್ರತ್ಯೇಕ ವ್ಯವಸ್ಥೆ ಇದೆ’. ದರ: ಖುರ್ಚಿ 1-8-0, ನೆಲ 0-4-0. ತುದಿಯಲ್ಲಿ ಸಣ್ಣಕ್ಕೆ ಮುದ್ರಣಾಲಯದ ಹೆಸರು. ಹಿಂದೆ ಪೆನ್ಸಿಲ್‌ನಲ್ಲಿ ಒಂದು ಜಾಬ್ ನಂಬರು. ಇಸವಿ ಎಲ್ಲೂ ಇಲ್ಲ.

ಇಂಥ ಹಾಳೆಗೆ ಅಂಕಣದ ಹೆಸರು ಎಲ್ಲಿಂದ ತರೋದು? ಬಹಳ ಜನ ಮೊದಲು ಹೋಗುವುದು ಡಬ್ಲಿನ್ ಕೋರ್ ಎಂಬ ಪದಪಟ್ಟಿಯ ಹತ್ತಿರ. ನಾನೂ ಹೋದೆ. 1995ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್ ಊರಲ್ಲಿ ನಡೆದ ಸಭೆಯಿಂದ ಅದಕ್ಕೆ ಆ ಹೆಸರು. ಅದರ ಮುಖ್ಯ ಗುಂಪಿನಲ್ಲಿ 15 ಅಂಶ: ಟೈಟಲ್, ಕ್ರಿಯೇಟರ್, ಸಬ್ಜೆಕ್ಟ್, ಪಬ್ಲಿಷರ್, ಡೇಟ್, ಕವರೇಜ್, ರೈಟ್ಸ್, ಹೀಗೆ. ಕಲಿಯುವುದು ಸುಲಭ, ಎಲ್ಲರಿಗೂ ಗೊತ್ತು, ಡಿಜಿಟಲ್ ಸಂಗ್ರಹ ಇಡಲು ಬಳಸುವ ಡಿಸ್ಪೇಸ್, ಒಮೆಕಾ ಎರಡೂ ತಂತ್ರಾಂಶದಲ್ಲಿ ಮೊದಲೇ ಇರುತ್ತದೆ.

ಆದರೆ ಹೆಸರು ನೋಡಿ ಪದ ಆರಿಸಬೇಡಿ. ಅದರ ವ್ಯಾಖ್ಯೆ ಓದಿ. ಈ ಬರಹದಲ್ಲಿ ಒಂದೇ ಮಾತು ನಿಮ್ಮ ಜೊತೆ ಉಳಿದರೆ ಇದು ಉಳಿಯಲಿ ಎಂದು ಆಸೆ. ಡಬ್ಲಿನ್ ಕೋರ್‌ನಲ್ಲಿ ‘ಡೇಟ್’ ಅಂದರೆ ಆ ವಸ್ತುವಿನ ಬದುಕಿನಲ್ಲಿ ನಡೆದ ಯಾವುದೋ ಘಟನೆಯ ಕಾಲ. ಇಲ್ಲಿ ವಸ್ತು ಯಾವುದು? ಗುಲಾಬಿ ಹಾಳೆ. ಹಾಳೆಯ ಬದುಕಿನಲ್ಲಿ ನಡೆದದ್ದು ಮುದ್ರಣ. ಶುಕ್ರವಾರ ರಾತ್ರಿಯ ಆಟ ಹಾಳೆಗೆ ಆದದ್ದಲ್ಲ. ಹಾಳೆ ಅದರ ಬಗ್ಗೆ ಹೇಳುತ್ತಿದೆ ಅಷ್ಟೇ. ಹಾಗಾಗಿ ಪ್ರಯೋಗದ ದಿನ ‘ಡೇಟ್’ನಲ್ಲಿ ಬರಬಾರದು. ಅದು ‘ಟೆಂಪೊರಲ್’ನಲ್ಲಿ, ಅಂದರೆ ಹಾಳೆ ಯಾವ ಕಾಲದ ಬಗ್ಗೆ ಹೇಳುತ್ತದೋ ಅದರ ಅಂಕಣದಲ್ಲಿ, ಬರಬೇಕು. ಹಾಗೆಯೇ ಹಾವೇರಿ ‘ಸ್ಪೇಷಿಯಲ್’ನಲ್ಲಿ, ಅಂದರೆ ಹಾಳೆ ಹೇಳುವ ಜಾಗದ ಅಂಕಣದಲ್ಲಿ, ಬರಬೇಕು. ಗದಗ ಅಲ್ಲಿ ಬರಬಾರದು, ಗದಗದಲ್ಲಿ ಅಚ್ಚಾಗಿದೆ ಅಷ್ಟೇ.

‘ಪಬ್ಲಿಷರ್’ ಇನ್ನೂ ಕಷ್ಟ ಕೊಟ್ಟಿತು. ನಮ್ಮಲ್ಲಿ ಪ್ರಕಾಶಕ ಅಂದ ಕೂಡಲೇ ಅಚ್ಚು ಹಾಕಿದವರು ಎಂದುಕೊಳ್ಳುತ್ತೇವೆ. ವ್ಯಾಖ್ಯೆ ಹೇಳುವುದು ಬೇರೆ: ವಸ್ತುವನ್ನು ಜನರಿಗೆ ಸಿಗುವಂತೆ ಮಾಡಿದವರು. ಹ್ಯಾಂಡ್‌ಬಿಲ್ ಮಾಡಿಸಿದ್ದೂ ಸಂತೆಯಲ್ಲಿ ಹಂಚಿದ್ದೂ ನಾಟಕ ಕಂಪನಿ. ಅಂದಮೇಲೆ ಪಬ್ಲಿಷರ್ ಕಂಪನಿಯೇ. ಹಾಗಾದರೆ ಮುದ್ರಣಾಲಯ? ಡಬ್ಲಿನ್ ಕೋರ್‌ನಲ್ಲಿ ಮುದ್ರಕ ಎಂಬ ಪದವೇ ಇಲ್ಲ. ಯಜಮಾನರ ಪ್ರಶ್ನೆಗೆ ಉತ್ತರ ಕೊಡಲು ನನಗೆ ಅದು ಬೇಕೇ ಬೇಕು. ಆಗ ಲೈಬ್ರರಿ ಆಫ್ ಕಾಂಗ್ರೆಸ್ ನೋಡಿಕೊಳ್ಳುವ ರಿಲೇಟರ್ ಪಟ್ಟಿಗೆ ಹೋದೆ. ಮಾರ್ಕ್ ಕ್ಯಾಟಲಾಗಿನಲ್ಲಿ ಯಾರು ಯಾವ ಕೆಲಸ ಮಾಡಿದರು ಎಂದು ಹೇಳಲು ಬಳಸುವ ಪಟ್ಟಿ ಅದು. ಅದರಲ್ಲಿ ‘ಪ್ರಿಂಟರ್’ ಇದೆ. ಎರವಲು ತಗೊಂಡೆ.

ಒಂದೇ ಪಟ್ಟಿಯಲ್ಲಿ ಎಲ್ಲ ಸಿಗಬೇಕು ಎಂಬ ಹಟ ಬೇಡ. ಎರಡು ಮೂರು ಪಟ್ಟಿಯಿಂದ ಪದ ತಗೊಂಡು ಸ್ಕೀಮಾ ಕಟ್ಟುವುದು ಮಾಮೂಲಿ ಪದ್ಧತಿ. ಅದಕ್ಕೆ ಅಪ್ಲಿಕೇಶನ್ ಪ್ರೊಫೈಲ್ ಎನ್ನುತ್ತಾರೆ. ಆದರೆ ಎರವಲು ತಂದ ಪದದ ಅರ್ಥವನ್ನು ನಮ್ಮ ಅನುಕೂಲಕ್ಕೆ ತಿರುಚಬಾರದು. ಪಕ್ಕದ ಮನೆಯಿಂದ ಸೇರು ತಂದು ಅದರ ತಳ ಬಡಿದು ಅಳತೆ ಬದಲಿಸಿದ ಹಾಗೆ ಆಗುತ್ತದೆ. ಆಮೇಲೆ ನಮ್ಮ ಲೆಕ್ಕವೂ ತಪ್ಪು, ಅವರದ್ದೂ ತಪ್ಪು.

ಹಾಳೆ ಬೇರೆ, ಆಟ ಬೇರೆ

ಹಾರ್ಮೋನಿಯಂ ಅಜ್ಜನ ಹೆಸರನ್ನು ಎಲ್ಲಿ ಬರೆಯೋದು? ಮೊದಲ ವಾರ ‘ಕಾಂಟ್ರಿಬ್ಯೂಟರ್’ನಲ್ಲಿ ಬರೆದೆ. ಮನಸ್ಸು ಒಪ್ಪಲಿಲ್ಲ. ಅಜ್ಜ ಹ್ಯಾಂಡ್‌ಬಿಲ್ಲಿಗೆ ಏನು ಕೊಡುಗೆ ಕೊಟ್ಟರು? ಅವರು ಬಾರಿಸಿದ್ದು ಆಟದಲ್ಲಿ. ನಾಟಕ ಬರೆದವರೂ ಹಾಗೇ. ಅವರು ನಾಟಕದ ಕರ್ತೃ, ಹಾಳೆಯ ಕರ್ತೃ ಅಲ್ಲ. ಡಬ್ಲಿನ್ ಕೋರ್‌ನವರು ಒಂದು ವಿವರಣೆ ಒಂದೇ ವಸ್ತುವಿನದ್ದಾಗಿರಲಿ ಎನ್ನುತ್ತಾರೆ. ನಮ್ಮ ಟ್ರಂಕಿನಲ್ಲಿ ಪ್ರತಿ ಹಾಳೆಯ ಹಿಂದೆ ಮೂರು ವಸ್ತು ನಿಂತಿವೆ: ಹಾಳೆ, ಆ ರಾತ್ರಿಯ ಪ್ರಯೋಗ, ನಾಟಕ ಎಂಬ ಕೃತಿ.

ಪ್ರಯೋಗಕ್ಕೆ ನಾನು ಸ್ಕೀಮಾ ಡಾಟ್ ಆರ್ಗ್ ಆರಿಸಿದೆ. ಗೂಗಲ್, ಮೈಕ್ರೋಸಾಫ್ಟ್, ಯಾಹೂ ಸೇರಿ 2011ರಲ್ಲಿ ಶುರು ಮಾಡಿದ ಪಟ್ಟಿ. ಅದರಲ್ಲಿ ‘ಥಿಯೇಟರ್ ಈವೆಂಟ್’ ಎಂಬ ಬಗೆಯೇ ಇದೆ. ‘ಪರ್ಫಾರ್ಮರ್’ನಲ್ಲಿ ಅಜ್ಜ ಕೂತರು. ‘ಲೊಕೇಶನ್’ನಲ್ಲಿ ಹಾವೇರಿ, ‘ಆರ್ಗನೈಜರ್’ನಲ್ಲಿ ಕಂಪನಿ, ‘ವರ್ಕ್ ಪರ್ಫಾರ್ಮ್ಡ್’ನಲ್ಲಿ ನಾಟಕ. ಒಂದೇ ನಾಟಕವನ್ನು ಒಂದೇ ಕಂಪನಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸುತ್ತಿ ಆಡಿದ್ದರೆ ನಾಟಕದ ವಿವರ ಒಮ್ಮೆ ಬರೆದರೆ ಸಾಕು, ಪ್ರಯೋಗ ಮಾತ್ರ ಮೂರು.

ನಿಮ್ಮ ಸಂಗ್ರಹ ಐವತ್ತು ಹಾಳೆಯದ್ದಾದರೆ ಇಷ್ಟು ಬೇಡ. ಎಲ್ಲವನ್ನೂ ಹಾಳೆಯ ಮೇಲೆ ಬರೆದು, ಪ್ರಯೋಗದ ಅಂಕಣಗಳನ್ನು ಬೇರೆ ಗುಂಪು ಮಾಡಿಟ್ಟರೆ ನಡೆಯುತ್ತದೆ. ವಸ್ತುಸಂಗ್ರಹಾಲಯಗಳು ಬಳಸುವ ಸಿಡಾಕ್ ಸಿಆರ್‌ಎಂ ಎಂಬ ದೊಡ್ಡ ಮಾದರಿ ಇದೆ. ಘಟನೆಗಳನ್ನು ಬಹಳ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದನ್ನು ಕಲಿತು ಮುಗಿಸುವಷ್ಟರಲ್ಲಿ ನಮ್ಮ ಕಾಗದಕ್ಕೆ ಗೆದ್ದಲು ಹತ್ತೀತು ಎಂದು ಬಿಟ್ಟೆ.

ಇನ್ನೊಂದು ಬಲೆ ಹೇಳಿಬಿಡುತ್ತೇನೆ. ಡಬ್ಲಿನ್ ಕೋರ್‌ನಲ್ಲಿ ‘ಕ್ರಿಯೇಟರ್’ ಎರಡು ಇವೆ. ಹಳೆಯ 15ರ ಗುಂಪಿನದ್ದು ಒಂದು, ‘ಟರ್ಮ್ಸ್’ ಎಂಬ ದೊಡ್ಡ ಗುಂಪಿನದ್ದು ಇನ್ನೊಂದು. ಹಳೆಯದರಲ್ಲಿ ಬರೀ ಹೆಸರನ್ನು ಅಕ್ಷರದಲ್ಲಿ ಬರೆದರೂ ತೊಂದರೆ ಇಲ್ಲ. ಟರ್ಮ್ಸ್ ಗುಂಪಿನ ಪದ ಒಬ್ಬ ವ್ಯಕ್ತಿಯನ್ನೋ ಸಂಸ್ಥೆಯನ್ನೋ ನಿರೀಕ್ಷಿಸುತ್ತದೆ, ಸಾಮಾನ್ಯವಾಗಿ ಅವರಿಗೊಂದು ಗುರುತಿನ ವೆಬ್ ವಿಳಾಸ ಕೊಡುತ್ತಾರೆ. ಎರಡರ ಹೆಸರೂ ಒಂದೇ ಆದ್ದರಿಂದ ಕಲಸಿಹೋಗುತ್ತದೆ. ಯಾವ ಗುಂಪಿನದ್ದು ಎಂದು ಪದದ ಪೂರ್ತಿ ವೆಬ್ ವಿಳಾಸವನ್ನೇ ಬರೆದಿಟ್ಟುಕೊಳ್ಳಿ.

ಎರಡು ಪಟ್ಟಿಗಳ ನಡುವೆ ಯಾವುದು ಎಂದು ತೂಗುವಾಗ ನಾನು ನೋಡುವುದು ಇಷ್ಟು: ಪ್ರತಿ ಪದಕ್ಕೂ ವ್ಯಾಖ್ಯೆ ಬರೆದಿದ್ದಾರಾ, ಪದಕ್ಕೆ ಬದಲಾಗದ ವೆಬ್ ವಿಳಾಸ ಇದೆಯಾ, ಯಾರು ನೋಡಿಕೊಳ್ಳುತ್ತಿದ್ದಾರೆ, ಅದು ಒಬ್ಬರ ಹವ್ಯಾಸವಾ ಅಥವಾ ಒಂದು ಸಂಸ್ಥೆಯ ಜವಾಬ್ದಾರಿಯಾ, ನಮ್ಮಂಥ ಬೇರೆ ಸಂಗ್ರಹದವರು ಬಳಸುತ್ತಿದ್ದಾರಾ. ಲಿಂಕ್ಡ್ ಓಪನ್ ವೊಕ್ಯಾಬ್ಯುಲರೀಸ್ ಎಂಬ ತಾಣದಲ್ಲಿ ಒಂದು ಪದ ಹಾಕಿ ಹುಡುಕಿದರೆ ಯಾವ ಯಾವ ಪಟ್ಟಿಯಲ್ಲಿ ಅದು ಇದೆ ಎಂದು ತೋರಿಸುತ್ತದೆ. ಅಂದವಾದ ಹೆಸರಿದ್ದೂ ವ್ಯಾಖ್ಯೆ ಇಲ್ಲದ ಪದವನ್ನು ನಾನು ಮುಟ್ಟುವುದಿಲ್ಲ.

ಒಳಗೆ ತುಂಬುವ ಮಾತು

ಅಂಕಣದ ಹೆಸರು ಸರಿಯಾದರೂ ಒಳಗೆ ಒಬ್ಬೊಬ್ಬರು ಒಂದೊಂದು ಥರ ಬರೆದರೆ ಹುಡುಕಾಟ ಮತ್ತೆ ಕೆಡುತ್ತದೆ. ‘ಮಂಡಳಿ’, ‘ಮಂಡಲಿ’. ‘ಹುಬ್ಬಳ್ಳಿ’, ‘ಹುಬ್ಳಿ’. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ.

ಭಾಷೆಯದ್ದು ಸುಲಭ. ಐಎಸ್‌ಒ 639 ಪಟ್ಟಿಯಲ್ಲಿ ಕನ್ನಡಕ್ಕೆ ‘ಕೆ-ಎನ್’, ಮರಾಠಿಗೆ ‘ಎಮ್-ಆರ್’ ಎಂಬ ಎರಡಕ್ಷರದ ಗುರುತಿದೆ. ನಮ್ಮ ಭಾಗ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು ಅಲ್ವಾ, ಹಾಗಾಗಿ ಟ್ರಂಕಿನಲ್ಲಿ ಮರಾಠಿ ಹಾಳೆಗಳೂ ಇವೆ. ಎರಡೂ ಭಾಷೆ ಇರುವ ಹಾಳೆಗೆ ಎರಡು ಗುರುತು ಕೊಡಿ.

ಊರಿನ ಹೆಸರನ್ನು ಮಾತ್ರ ನಂಬಬೇಡಿ. ಹಾಳೆಯ ಮೇಲೆ ‘ಹಾವೇರಿ, ಜಿ. ಧಾರವಾಡ’ ಎಂದಿದೆ. 1997ರಲ್ಲಿ ಹಾವೇರಿಯೂ ಗದಗವೂ ಬೇರೆ ಜಿಲ್ಲೆಗಳಾದವು. ಇಂಗ್ಲಿಷಿನಲ್ಲಿ ‘ಹುಬ್ಲಿ’ ಆಗಿದ್ದದ್ದು 2014ರ ನವೆಂಬರ್ 1ರಿಂದ ‘ಹುಬ್ಬಳ್ಳಿ’ ಆಯಿತು. ಹೆಸರು ಬದಲಾಗುತ್ತದೆ, ಜಿಲ್ಲೆ ಬದಲಾಗುತ್ತದೆ, ಊರು ಅಲ್ಲೇ ಇರುತ್ತದೆ. ಜಿಯೋನೇಮ್ಸ್ ಅಥವಾ ವಿಕಿಡೇಟಾದಲ್ಲಿ ಪ್ರತಿ ಊರಿಗೂ ಒಂದು ಸಂಖ್ಯೆ ಇದೆ. ಹಾಳೆಯಲ್ಲಿ ಅಚ್ಚಾದ ಹೆಸರನ್ನು ಹಾಗೇ ನಕಲು ಮಾಡಿ ಒಂದು ಅಂಕಣದಲ್ಲಿ ಇಡಿ. ಆ ಸಂಖ್ಯೆಯನ್ನು ಪಕ್ಕದಲ್ಲಿ ಇಡಿ. ಎರಡೂ ಬೇಕು.

ಇಸವಿ ಇಲ್ಲದ ಗುಲಾಬಿ ಹಾಳೆಗೆ ಬರೋಣ. ದರ ನೋಡಿ: 1-8-0. ಒಂದು ರೂಪಾಯಿ ಎಂಟಾಣೆ. ಹದಿನಾರು ಆಣೆಗೆ ಒಂದು ರೂಪಾಯಿ ಎಂಬ ಲೆಕ್ಕ ಹೋಗಿ ನೂರು ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಂದು. ಹಾಗಾದರೆ ಈ ಹಾಳೆ ಬಹುಮಟ್ಟಿಗೆ ಅದಕ್ಕಿಂತ ಹಿಂದಿನದು. ಆದರೆ ‘1957ರ ಹಿಂದೆ’ ಎಂದು ಕನ್ನಡದಲ್ಲಿ ಬರೆದರೆ ಕಂಪ್ಯೂಟರ್ ಅದನ್ನು ಸಾಲಾಗಿ ಜೋಡಿಸಲಾರದು. ಇದಕ್ಕೆ ಇಡಿಟಿಎಫ್ ಎಂಬ ಬರೆಯುವ ಕ್ರಮ ಇದೆ. 2019ರಲ್ಲಿ ಅದು ಐಎಸ್‌ಒ 8601 ಮಾನದಂಡದ ಎರಡನೆಯ ಭಾಗಕ್ಕೆ ಸೇರಿತು. ಸುಮಾರು 1955 ಎಂದಾದರೆ 1955~ ಎಂದು ಬರೆಯಬೇಕು. ಖಚಿತವಿಲ್ಲದಿದ್ದರೆ 1955?. ‘1957 ಅಥವಾ ಅದಕ್ಕಿಂತ ಹಿಂದಿನ ಯಾವುದೋ ಒಂದು ದಿನ’ ಎನ್ನಲು [..1957]. ಇದನ್ನು ../1957 ಎಂದು ಬರೆಯಬೇಡಿ. ಅದರ ಅರ್ಥ 1957ರವರೆಗೆ ನಡೆದುಕೊಂಡು ಬಂದ ಒಂದು ಅವಧಿ. ನಮ್ಮ ಹಾಳೆ ವರ್ಷಗಟ್ಟಲೆ ಅಚ್ಚಾಗಲಿಲ್ಲ, ಒಂದೇ ದಿನ ಅಚ್ಚಾಯಿತು. ಒಂದು ಚಿಹ್ನೆಯಲ್ಲಿ ಇಷ್ಟು ವ್ಯತ್ಯಾಸ.

ಇನ್ನು ನನಗೆ ಬಹಳ ಪ್ರೀತಿಯ ಭಾಗ, ಆಟದ ಬಗೆ. ಟ್ರಂಕಿನಲ್ಲಿ ಕಂಪನಿ ನಾಟಕದ್ದು ಜಾಸ್ತಿ, ಆದರೆ ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತದ ಹಾಳೆಗಳೂ ಸಿಕ್ಕವು. ಹೊರದೇಶದ ವಿಷಯಪಟ್ಟಿಗಳಲ್ಲಿ ಹುಡುಕಿದರೆ ‘ಜಾನಪದ ನಾಟಕ’ ಎಂಬಷ್ಟು ಅಗಲದ ಪದ ಸಿಗುತ್ತದೆ. ಅದನ್ನೇ ಎಲ್ಲದಕ್ಕೂ ಅಂಟಿಸಿದರೆ ದೊಡ್ಡಾಟ ಹುಡುಕುವವರಿಗೆ ಸಣ್ಣಾಟವೂ ಬರುತ್ತದೆ, ಪಾರಿಜಾತವೂ ಬರುತ್ತದೆ. ಸಹಾಯಕ್ಕೆ ಬಂದಿದ್ದ ಒಬ್ಬರು ದೊಡ್ಡಾಟದ ಹಾಳೆಗೆಲ್ಲ ‘ಯಕ್ಷಗಾನ’ ಎಂದು ಹಾಕಿದ್ದರು. ಯಾಕೆ ಎಂದು ಕೇಳಿದೆ. “ಇದೂ ಬಯಲಾಟ, ಅದೂ ಬಯಲಾಟ ಅಲ್ಲೇನ್ರೀ?” ಎಂದರು. ಅವರ ಮಾತು ಪೂರ್ತಿ ತಪ್ಪಲ್ಲ. ಕರಾವಳಿಯಲ್ಲಿ ಯಕ್ಷಗಾನಕ್ಕೂ ಬಯಲಾಟ ಎನ್ನುತ್ತಾರೆ, ನಮ್ಮಲ್ಲಿ ದೊಡ್ಡಾಟಕ್ಕೂ ಎನ್ನುತ್ತಾರೆ. ಒಂದೇ ಪದ, ಊರಿಗೊಂದು ಅರ್ಥ.

ಇಂಥ ಜಾಗದಲ್ಲಿ ನಿಮ್ಮದೇ ಪದಪಟ್ಟಿ ಕಟ್ಟಿ. ಕಟ್ಟುವ ಕ್ರಮವನ್ನು ಮಾತ್ರ ಎರವಲು ತನ್ನಿ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ 2009ರಲ್ಲಿ ಒಪ್ಪಿದ ಸ್ಕಾಸ್ ಎಂಬ ವ್ಯವಸ್ಥೆ ಇದಕ್ಕೆಂದೇ ಇದೆ. ಪ್ರತಿ ಪರಿಕಲ್ಪನೆಗೂ ಒಂದು ಭಾಷೆಯಲ್ಲಿ ಒಂದೇ ಮುಖ್ಯ ಹೆಸರು, ಬೇಕಾದಷ್ಟು ಬದಲಿ ಹೆಸರು, ಮೇಲಿನ ಪರಿಕಲ್ಪನೆ, ಕೆಳಗಿನದು, ಸಂಬಂಧ ಇರುವುದು. ನಮ್ಮ ಪಟ್ಟಿಯಲ್ಲಿ ದೊಡ್ಡಾಟದ ಮುಖ್ಯ ಹೆಸರು ‘ದೊಡ್ಡಾಟ’. ವಿದ್ವಾಂಸರು ಅದನ್ನು ಮೂಡಲಪಾಯದ ಗುಂಪಿಗೆ ಸೇರಿಸುವುದುಂಟು, ಆ ಪದ ಹಾಕಿ ಹುಡುಕುವವರಿಗೂ ಸಿಗಲಿ ಎಂದು ಅದನ್ನು ಮೇಲಿನ ಪರಿಕಲ್ಪನೆಯಾಗಿ ಇಟ್ಟೆವು. ‘ಬಯಲಾಟ’ ಎಲ್ಲಕ್ಕೂ ಮೇಲೆ. ಪಾರಿಜಾತವನ್ನು ಕೆಲವರು ಸಣ್ಣಾಟದ ಕೆಳಗೆ ಇಡುತ್ತಾರೆ, ಕೆಲವರು ಅದು ಬೇರೆಯೇ ಎನ್ನುತ್ತಾರೆ. ಆ ಜಗಳ ತೀರಿಸುವುದು ನನ್ನ ಕೆಲಸ ಅಲ್ಲ. ‘ಸಂಬಂಧ ಇದೆ’ ಎಂದು ಮಾತ್ರ ಹಾಕಿ, ಕಾರಣವನ್ನು ವ್ಯಾಪ್ತಿ ಟಿಪ್ಪಣಿಯಲ್ಲಿ ಬರೆದೆ.

ಹೊರಗಿನ ಪಟ್ಟಿಗೆ ಸೇತುವೆಯನ್ನೂ ಕಟ್ಟಬೇಕು, ಇಲ್ಲದಿದ್ದರೆ ದೂರದವರಿಗೆ ನಾವು ಕಾಣುವುದಿಲ್ಲ. ಅದಕ್ಕೆ ಸ್ಕಾಸ್‌ನಲ್ಲಿ ಬೇರೆ ಬೇರೆ ಹೊಂದಿಕೆಗಳಿವೆ. ‘ಎಕ್ಸಾಕ್ಟ್ ಮ್ಯಾಚ್’ ಎಂದರೆ ಎರಡೂ ಒಂದೇ ಎಂದು ಹೇಳಿದಂತೆ. ಬಹಳ ಜನ ಸುಲಭಕ್ಕೆ ಅದನ್ನೇ ಹಾಕುತ್ತಾರೆ. ದೊಡ್ಡಾಟಕ್ಕೂ ಜಾನಪದ ನಾಟಕಕ್ಕೂ ‘ಬ್ರಾಡ್ ಮ್ಯಾಚ್’ ಸಾಕು, ಅಂದರೆ ಅವರ ಪದ ನಮ್ಮದಕ್ಕಿಂತ ಅಗಲ. ಯಕ್ಷಗಾನಕ್ಕೆ ‘ರಿಲೇಟೆಡ್ ಮ್ಯಾಚ್’. ತಾಳಮದ್ದಳೆಯ ಸದ್ದು ಕೇಳಿ ಬೆಳೆದವರಿಗೂ ದೊಡ್ಡಾಟದ ಕುಣಿತ ನೋಡಿ ಬೆಳೆದವರಿಗೂ ಎರಡೂ ಒಂದೇ ಎಂದು ಹೇಳುವ ಹಕ್ಕು ನನಗಿಲ್ಲ.

ಯಾವ ಪಟ್ಟಿಯಲ್ಲೂ ಸಿಗದಾಗ

ಟಿಕೆಟ್ ದರಕ್ಕೆ ಸ್ಕೀಮಾ ಡಾಟ್ ಆರ್ಗ್‌ನಲ್ಲಿ ‘ಪ್ರೈಸ್’ ಇದೆ. ಅದಕ್ಕೆ ದಶಮಾಂಶದ ಅಂಕಿ ಬೇಕು. 1-8-0 ಅನ್ನು 1.50 ಎಂದು ಬರೆದರೆ ಲೆಕ್ಕ ಸರಿ, ಆದರೆ ಆಣೆ ಮಾಯ. ಆಣೆ ಹೋದರೆ ಇಸವಿ ಊಹಿಸುವ ಆಧಾರವೇ ಹೋಯಿತು. ಹಾಗಾಗಿ ‘ಅಚ್ಚಾದ ದರ’ ಎಂಬ ನಮ್ಮದೇ ಪದ ಮಾಡಿದೆವು. ಸ್ವಂತ ಪದ ಮಾಡುವಾಗ ಮೂರು ಕೆಲಸ ತಪ್ಪಿಸಬೇಡಿ: ಒಂದು ವಾಕ್ಯದ ವ್ಯಾಖ್ಯೆ ಬರೆಯಿರಿ, ಅದಕ್ಕೊಂದು ಸ್ಥಿರ ವಿಳಾಸ ಕೊಡಿ, ಜನರಿಗೆ ಗೊತ್ತಿರುವ ಒಂದು ದೊಡ್ಡ ಪದದ ಕೆಳಗೆ ಅದನ್ನು ಕೂರಿಸಿ. ನಮ್ಮ ‘ಅಚ್ಚಾದ ದರ’ ಡಬ್ಲಿನ್ ಕೋರ್‌ನ ‘ಡಿಸ್ಕ್ರಿಪ್ಶನ್’ ಕೆಳಗೆ ಕೂತಿದೆ. ನಾಳೆ ಯಾವುದಾದರೂ ದೊಡ್ಡ ಡಿಜಿಟಲ್ ಗ್ರಂಥಾಲಯ ನಮ್ಮ ವಿವರಗಳನ್ನು ಒಎಐ-ಪಿಎಮ್‌ಎಚ್ ಮೂಲಕ, ಅಂದರೆ ಒಂದು ಸಂಗ್ರಹದ ಮೆಟಾಡೇಟಾವನ್ನು ಇನ್ನೊಂದು ಕಂಪ್ಯೂಟರ್ ತರಿಸಿಕೊಳ್ಳುವ ಕ್ರಮದಿಂದ, ಎಳೆದುಕೊಂಡರೆ, ಆ ದಾರಿಯಲ್ಲಿ 15 ಅಂಶದ ಡಬ್ಲಿನ್ ಕೋರ್ ಕೊಡಲೇಬೇಕು. ಆಗ ದರದ ಮಾತು ಕಳೆದುಹೋಗದೆ ವಿವರಣೆಯಲ್ಲಿ ಸೇರುತ್ತದೆ.

ಸ್ಕೀಮಾವನ್ನೇ ಬರೆದಿಡುವುದು

ಇಷ್ಟೆಲ್ಲ ಮಾಡಿ ತಲೆಯಲ್ಲೇ ಇಟ್ಟುಕೊಂಡರೆ ಪ್ರಯೋಜನ ಇಲ್ಲ. ನಾನು ಒಂದು ವಾರ ಜ್ವರ ಬಂದು ಮಲಗಿದಾಗ ಗದಗದಲ್ಲಿ ಕೆಲಸ ನಿಂತುಹೋಯಿತು. ಅವತ್ತೇ ತೀರ್ಮಾನ ಮಾಡಿದೆ.

ಸ್ಕೀಮಾ ಬರೆದಿಡಲು ಡಬ್ಲಿನ್ ಕೋರ್‌ನವರದೇ ಡಿಸಿಟ್ಯಾಪ್ ಎಂಬ ಸರಳ ಕೋಷ್ಟಕ ಇದೆ. ಮಾಮೂಲಿ ಎಕ್ಸೆಲ್ ಹಾಳೆ ಸಾಕು. ಒಟ್ಟು 12 ತಲೆಬರಹ, ಅದರಲ್ಲಿ ಕಡ್ಡಾಯ ಒಂದೇ: ಪ್ರಾಪರ್ಟಿ ಐಡಿ, ಅಂದರೆ ಪದದ ಗುರುತು. ನಾವು ಆರು ಬಳಸುತ್ತೇವೆ. ಪದದ ಗುರುತು, ಕನ್ನಡದ ಹೆಸರು, ಕಡ್ಡಾಯವಾ, ಒಂದಕ್ಕಿಂತ ಜಾಸ್ತಿ ಸಲ ಬರಬಹುದಾ, ಒಳಗಿನ ಮಾತು ಯಾವ ಪಟ್ಟಿಯಿಂದ ಬರಬೇಕು, ಟಿಪ್ಪಣಿ. ಉದಾಹರಣೆಗೆ ನಮ್ಮ ಒಂದು ಸಾಲು: ಗುರುತು ಡಬ್ಲಿನ್ ಕೋರ್ ಟರ್ಮ್ಸ್‌ನ ಸ್ಪೇಷಿಯಲ್, ಹೆಸರು ‘ಆಟ ನಡೆದ ಊರು’, ಕಡ್ಡಾಯ ಹೌದು, ಮತ್ತೆ ಬರಬಹುದಾ ಹೌದು, ಜಿಯೋನೇಮ್ಸ್ ಪಟ್ಟಿ, ಟಿಪ್ಪಣಿ ‘ಮುದ್ರಣವಾದ ಊರು ಇಲ್ಲಿ ಬೇಡ’. ಕನ್ನಡದ ಹೆಸರನ್ನು ‘ಸ್ಥಳ’ ಎಂದಿಡದೆ ‘ಆಟ ನಡೆದ ಊರು’ ಎಂದಿಟ್ಟ ದಿನದಿಂದ ಆ ಅಂಕಣದಲ್ಲಿ ಒಂದೂ ತಪ್ಪು ಬಂದಿಲ್ಲ.

ಕಂಪ್ಯೂಟರೇ ತಪ್ಪು ಹಿಡಿಯಬೇಕು ಎನ್ನುವವರಿಗೆ ಶ್ಯಾಕಲ್ ಇದೆ, 2017ರ ಡಬ್ಲ್ಯು3ಸಿ ಮಾನದಂಡ. ಕಡ್ಡಾಯ ಅಂಕಣ ಖಾಲಿ ಬಿಟ್ಟರೆ ಹೇಳುತ್ತದೆ. ನಿಮ್ಮ ಡೇಟಾ ಆರ್‌ಡಿಎಫ್ ರೂಪದಲ್ಲಿ, ಅಂದರೆ ಪ್ರತಿ ವಿವರವನ್ನೂ ವಸ್ತು, ಅಂಕಣ, ಒಳಗಿನ ಮಾತು ಎಂದು ಮೂರು ತುಂಡಾಗಿ ಬರೆಯುವ ಕ್ರಮದಲ್ಲಿ, ಇದ್ದರೆ ಮಾತ್ರ ಇದರ ಉಪಯೋಗ. ಒಮೆಕಾ ಎಸ್ ಬಳಸುವವರು ಅದರ ರಿಸೋರ್ಸ್ ಟೆಂಪ್ಲೇಟ್‌ನಲ್ಲೇ ಈ ಕೋಷ್ಟಕದ ಬಹುಭಾಗ ಹಾಕಿಕೊಳ್ಳಬಹುದು. ಕೋಷ್ಟಕ, ಬಳಕೆಯ ಕೈಪಿಡಿ, ಶ್ಯಾಕಲ್ ಕಡತ ಎಲ್ಲ ಒಂದೇ ಸ್ಕೀಮಾಕ್ಕೆ ಸೇರಿದವು ಎಂದು ಹೇಳಲು ಪ್ರೊಫೈಲ್ಸ್ ವೊಕ್ಯಾಬ್ಯುಲರಿ ಇದೆ. ಪ್ರತಿ ಪದಕ್ಕೆ ಬಳಕೆಯ ಟಿಪ್ಪಣಿ, ಉದಾಹರಣೆ ಸೇರಿಸಲು ವ್ಯಾನ್ ಎಂಬ ಸಣ್ಣ ಪಟ್ಟಿ ಇದೆ. ಇವೆರಡೂ ಮೊದಲ ದಿನವೇ ಬೇಡ. ಆದರೆ ಸ್ಕೀಮಾದ ಹೆಸರು, ಆವೃತ್ತಿ ಸಂಖ್ಯೆ, ದಿನಾಂಕ, ಯಾರನ್ನು ಕೇಳಬೇಕು, ಇಷ್ಟನ್ನು ಮೊದಲ ದಿನವೇ ಬರೆಯಿರಿ. ನಿಮ್ಮ ಡೇಟಾದಲ್ಲೂ ‘ಕನ್ಫಾರ್ಮ್ಸ್ ಟು’ ಎಂಬ ಅಂಕಣದಲ್ಲಿ ಯಾವ ಆವೃತ್ತಿಯ ಪ್ರಕಾರ ತುಂಬಿದ್ದೀರಿ ಎಂದು ನಮೂದಿಸಿ.

ಕೊನೆಗೆ ಪರೀಕ್ಷೆ. ಹತ್ತು ಹಾಳೆ ತೆಗೆದು, ಇಬ್ಬರನ್ನು ಬೇರೆ ಬೇರೆ ಕೂರಿಸಿ, ಕೋಷ್ಟಕ ಮಾತ್ರ ಕೊಟ್ಟು ತುಂಬಿಸಿ. ನೀವು ಪಕ್ಕದಲ್ಲಿ ನಿಂತು ಹೇಳಿಕೊಡಬೇಡಿ. ನಾನು ಡಿಗ್ರಿ ಓದುವ ಹುಡುಗಿಯೊಬ್ಬಳನ್ನೂ ನಮ್ಮ ಕಂಪೋಜಿಟರ್ ಹಿರಿಯರನ್ನೂ ಕೂರಿಸಿದೆ. ಅವರು ಹೇಳಿದ್ದನ್ನು ಯಜಮಾನರ ಮೊಮ್ಮಗ ಟೈಪ್ ಮಾಡಿದ. ಬಹುತೇಕ ಹೊಂದಿತು. ಹುಡುಗಿ ನಾಲ್ಕು ಕಡೆ ಪಬ್ಲಿಷರ್‌ನಲ್ಲಿ ಮುದ್ರಣಾಲಯ ಬರೆದಿದ್ದಳು. ಅಂದರೆ ನನ್ನ ಟಿಪ್ಪಣಿ ಸಾಲದು. ‘ಪ್ರಕಾಶಕ’ ಎಂಬ ಹೆಸರು ತೆಗೆದು ‘ಹಾಳೆ ಹಂಚಿದ ಕಂಪನಿ’ ಎಂದು ಬದಲಿಸಿದೆ.

ಏಳನೆಯ ಹಾಳೆಗೆ ಮುದ್ರಣಾಲಯದ ಹೆಸರೇ ಇರಲಿಲ್ಲ. ನಮ್ಮ ಟ್ರಂಕಿನಲ್ಲಿ ಇದೆ ಅಂದಮೇಲೆ ಇಲ್ಲಿಯದೇ ಎಂದು ಹುಡುಗಿ ಈ ಮುದ್ರಣಾಲಯದ ಹೆಸರು ಬರೆದಳು. ನಾನಾದರೂ ಹಾಗೇ ಬರೆಯುತ್ತಿದ್ದೆ. ಹಿರಿಯರು ಮಾತ್ರ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇದು ನಮ್ಮದಲ್ಲರಿ” ಎಂದರು. “ನಮ್ಮ ಈ ಸೈಜಿನ ‘ಳ’ ಬಲಕ್ಕ ಮುರದಿತ್ತು. ಇದರಾಗ ನೋಡ್ರಿ, ಪೂರ್ತಿ ಐತಿ. ಕಂಪನಿಯವರು ಇಂಥಾದ್ದ ಮಾಡಿಕೊಡ್ರಿ ಅಂತ ಬ್ಯಾರೆ ಕಡೆದು ಮಾದರಿ ತಂದುಕೊಡ್ತಿದ್ರು.” ಪಕ್ಕದ ಹಾಳೆ ತೆಗೆದು ನೋಡಿದೆವು. ಹೌದು, ‘ಮಂಡಳಿ’ಯ ‘ಳ’ ಬಲಗಡೆ ಚೂರು ಹಾರಿಹೋಗಿತ್ತು.

ಹೀಗೆ ಗುರುತು ಹಿಡಿದ ಕಾರಣವನ್ನು ಬರೆಯಲು ನಮ್ಮ ಕೋಷ್ಟಕದಲ್ಲಿ ಜಾಗವೇ ಇರಲಿಲ್ಲ. ಅವತ್ತು ಸಂಜೆಯ ಬಸ್ಸು ಬಿಟ್ಟು ಒಂದು ಸಾಲು ಸೇರಿಸಿದೆ. ಹೆಸರು: ‘ಗುರುತಿಸಿದ ಆಧಾರ’. ಕಡ್ಡಾಯ: ಅಲ್ಲ. ಮತ್ತೆ ಬರಬಹುದು: ಹೌದು. ಟಿಪ್ಪಣಿ: ‘ಹಾಳೆಯ ಮೇಲೆ ಇಲ್ಲದ್ದನ್ನು ಯಾರಾದರೂ ನೋಡಿ ಹೇಳಿದ್ದರೆ, ಏನು ನೋಡಿ ಹೇಳಿದರು ಎಂದು ಅವರ ಮಾತಿನಲ್ಲೇ ಬರೆಯಿರಿ’. ಆವೃತ್ತಿ 0.4 ಇದ್ದದ್ದು 0.5 ಆಯಿತು.